ಒಂದೇ ತೆಳು ಸಿಂಬಲ್ ಸಾಕಾ? ಕ್ರ್ಯಾಶ್‌ಗೂ ರೈಡ್‌ಗೂ ಆಗುವಂಥದ್ದು ಹೇಳಿ

ಕುವೆಂಪುನಗರ ಬ್ರಷ್ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಾವು ಮೂವರು ಸೇರಿ ನುಡಿಸುತ್ತೇವೆ. ಒಬ್ಬಳು ಗಿಟಾರ್ ಹಿಡಿದು ಹಾಡುತ್ತಾಳೆ, ಒಬ್ಬ ಬೇಸ್ ಗಿಟಾರ್, ನಾನು ಡ್ರಮ್ಸ್. ಭಾವಗೀತೆ, ಹಳೇ ಸಿನಿಮಾ ಹಾಡು, ನಮ್ಮದೇ ನಾಲ್ಕೈದು ಹಾಡು. ನುಡಿಸುವ ಜಾಗಗಳೂ ಚಿಕ್ಕವು. ಯಾರದೋ ಮನೆಯ ಹಾಲ್, ಕೆಫೆ, ಒಮ್ಮೊಮ್ಮೆ ಕಾಲೇಜಿನ ಸಭಾಂಗಣ. ಕಿಟ್ ಒಂದು ಆಟೋದಲ್ಲಿ ಹಿಡಿಸಬೇಕು. ಅದಕ್ಕೇ ಬೇಸ್ ಡ್ರಮ್, ಸ್ನೇರ್ ಡ್ರಮ್, ಹೈಹ್ಯಾಟ್ (ಕಾಲಲ್ಲಿ ಮುಚ್ಚಿ ತೆರೆಯುವ ಜೋಡಿ ಸಿಂಬಲ್ ತಟ್ಟೆ), ಇನ್ನೊಂದು ಸಿಂಬಲ್, ಅಷ್ಟೇ.

ಆ ಇನ್ನೊಂದು ಸಿಂಬಲ್ ಯಾವುದಾಗಬೇಕು ಅನ್ನುವುದೇ ನನ್ನ ಪ್ರಶ್ನೆ. ಕ್ರ್ಯಾಶ್ ಅಂದರೆ ಅಂಚಿಗೆ ಹೊಡೆದು ಝಲ್ ಅನ್ನಿಸುವುದು, ರೈಡ್ ಅಂದರೆ ಮೈಮೇಲೆ ಕೋಲಿನ ತುದಿಯಲ್ಲಿ ಲಯ ಹಿಡಿದುಕೊಂಡು ಹೋಗುವುದು. ಎರಡಕ್ಕೂ ಒಂದೇ ಸಾಕಾಗಬೇಕು. ಈಗ ಇರುವುದು ಕಿಟ್ ಜೊತೆ ಬಂದ 16 ಇಂಚಿನ ಹಿತ್ತಾಳೆ ಕ್ರ್ಯಾಶ್. ಹೊಡೆದರೆ ಪಾತ್ರೆ ಮುಚ್ಚಳ ಬಿದ್ದ ಹಾಗೆ ಕೇಳುತ್ತದೆ. ಅದರ ಮೇಲೆ ರೈಡ್ ನುಡಿಸಿದರೆ ನಾಲ್ಕೇ ಪೆಟ್ಟಿಗೆ ಎಲ್ಲ ಕಲಸಿಹೋಗುತ್ತದೆ. ಸ್ನೇಹಿತನ ಹತ್ತಿರ 20 ಇಂಚಿನ ದಪ್ಪ ರೈಡ್ ಇದೆ. ಎರಡು ವಾರ ತಂದು ನುಡಿಸಿದೆ. ಚರಣದಲ್ಲಿ ಚೆನ್ನಾಗಿತ್ತು, ಒಂದೊಂದು ಪೆಟ್ಟೂ ಟಿಂಗ್ ಟಿಂಗ್ ಅಂತ ಬೇರೆ ಬೇರೆ. ಪಲ್ಲವಿಗೆ ವಾಪಸ್ ಬರುವಾಗ ಅಂಚಿಗೆ ಹೊಡೆದೆ. ಸಿಂಬಲ್ ತೆರೆದುಕೊಳ್ಳಲೇ ಇಲ್ಲ. ಟಾಂಯ್ ಅಂತ ಗಂಟೆ ಹೊಡೆದ ಹಾಗಾಯಿತು, ಹಾಡುವವಳ ದನಿ ಪೂರ್ತಿ ಮುಚ್ಚಿಹೋಯಿತು.

ನನಗೆ ಬೇಕಿರುವುದು ಮೆತ್ತಗೆ ಹೊಡೆದರೂ ಝಲ್ ಅಂತ ಅರಳಬೇಕು, ಆಮೇಲೆ ಅದರ ಮೇಲೇ ರೈಡ್ ನುಡಿಸುವಂತಿರಬೇಕು. 30 ಸಾವಿರದ ಒಳಗೆ ಇಟ್ಟುಕೊಂಡಿದ್ದೇನೆ. ಸೆಕೆಂಡ್ ಹ್ಯಾಂಡ್ ಆದರೂ ಸರಿ. 18 ಇಂಚು ತಗೊಳ್ಳಲಾ, 20 ಇಂಚಾ? ತೆಳು ಅಂದರೆ ಎಷ್ಟು ತೆಳು?

ಮಂಡ್ಯ ಆರ್ಕೆಸ್ಟ್ರಾ · ಸೋಮವಾರ, ರಾತ್ರಿ 11:05

ತಮ್ಮಾ, ತೆಳು ಸಿಂಬಲ್ ಸಹವಾಸ ಬೇಡ. ನಾನು ಅನುಭವದಿಂದ ಹೇಳ್ತಿದ್ದೇನೆ. ಗಣೇಶನ ಸೀಸನ್‌ನಲ್ಲಿ ವಾರಕ್ಕೆ ನಾಲ್ಕು ಪ್ರೋಗ್ರಾಂ ಇರುತ್ತದೆ ನಮಗೆ. ಮಂಡ್ಯ, ಮದ್ದೂರು, ಪಾಂಡವಪುರ, ಎಲ್ಲ ಬಯಲು ಸ್ಟೇಜು. ಎರಡು ವರ್ಷದ ಹಿಂದೆ ಆಸೆಪಟ್ಟು 18 ಇಂಚಿನ ತೆಳು ಕ್ರ್ಯಾಶ್ ತಗೊಂಡೆ. ಮೊದಲ ವಾರ ಸದ್ದು ಕೇಳಿ ತುಂಬಾ ಖುಷಿಪಟ್ಟಿದ್ದೆ. ಒಂದೂವರೆ ತಿಂಗಳಿಗೆ ಒರೆಸುವಾಗ ಅಂಚಿನಲ್ಲಿ ಉಗುರು ಸಿಕ್ಕಿಕೊಂಡಿತು. ನೋಡಿದರೆ ಕೂದಲಿನಷ್ಟು ಸಣ್ಣ ಬಿರುಕು. ಮುಂದಿನ ಮೂರು ಪ್ರೋಗ್ರಾಂನಲ್ಲಿ ಅದು ಒಂದು ಇಂಚಾಯಿತು. ಆಮೇಲೆ ಸದ್ದೇ ಹೋಯಿತು, ಬರೀ ಚರ್ ಅನ್ನುತ್ತಿತ್ತು.

ಕ್ರ್ಯಾಶ್ ಬೇರೆ, ರೈಡ್ ಬೇರೆ ತಗೋ. ಎರಡೂ ಮೀಡಿಯಂ ಇರಲಿ. ಒಂದರಲ್ಲೇ ಎರಡು ಕೆಲಸ ಅಂದರೆ ಎರಡೂ ಅರ್ಧರ್ಧ ಆಗುತ್ತದೆ.

ಹಳೇ ಬ್ಯಾಂಡ್ · ಮಂಗಳವಾರ, ಬೆಳಿಗ್ಗೆ 6:50

ಇಬ್ಬರ ಮಾತೂ ಅವರವರ ಜಾಗಕ್ಕೆ ಸರಿಯಾಗಿದೆ. ಬಯಲಿನಲ್ಲಿ ಜನರೇಟರ್ ಸದ್ದಿನ ಮೇಲೆ ಕೇಳಿಸಬೇಕಾದ ಸಿಂಬಲ್ಲೇ ಬೇರೆ, ಮನೆಯ ಹಾಲ್‌ನಲ್ಲಿ ಹಾಡುವವರ ಪಕ್ಕ ಕೂರಬೇಕಾದ ಸಿಂಬಲ್ಲೇ ಬೇರೆ. ಪ್ರಶ್ನೆ ಕೇಳಿರುವುದು ಹಾಲ್‌ನವರು. ಅವರಿಗೆ ತೆಳುವೇ ಸರಿ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಒಂದು ಮಾತು. ಕ್ರ್ಯಾಶ್ ಬೇರೆ, ರೈಡ್ ಬೇರೆ ಅನ್ನುವುದು ಹುಟ್ಟಿನಿಂದ ಬಂದ ನಿಯಮ ಅಲ್ಲ. ಜಾಝ್‌ನಲ್ಲಿ ಮೊದಲು ಲಯವನ್ನು ಬೇಸ್ ಡ್ರಮ್, ಹೈಹ್ಯಾಟ್ ಮೇಲೇ ಹಿಡಿಯುತ್ತಿದ್ದರು. 1940ರ ಆಸುಪಾಸಿನಲ್ಲಿ ಕೆನ್ನಿ ಕ್ಲಾರ್ಕ್ ಅಂಥವರು ಅದನ್ನು ದೊಡ್ಡ ಸಿಂಬಲ್ ಮೇಲಕ್ಕೆ ತಂದರು. ಆಗಿನವರು ಒಂದೇ ಸಿಂಬಲ್ ಮೇಲೆ ಲಯ ಹಿಡಿದು, ಬೇಕಾದ ಕಡೆ ಅದನ್ನೇ ಕ್ರ್ಯಾಶ್ ಮಾಡುತ್ತಿದ್ದರು. ಆ ಕಾಲದ ಟರ್ಕಿಯ ಸಿಂಬಲ್‌ಗಳನ್ನು ಇವತ್ತಿಗೂ ಜನ ಹುಡುಕಿಕೊಂಡು ಹೋಗುತ್ತಾರೆ. ರಾಕ್ ಬಂದು ಗಿಟಾರ್ ಆಂಪ್ಲಿಫೈಯರ್ ದೊಡ್ಡದಾದ ಮೇಲೆ ದಪ್ಪ ರೈಡ್‌ಗೆ ಬೇಡಿಕೆ ಜಾಸ್ತಿ ಆಯಿತು. ನಿಮ್ಮ ಮೂವರ ತಂಡ ಆ ಮೊದಲಿನ ಲೋಕಕ್ಕೇ ಹತ್ತಿರ ಇದೆ.

ಈಗ ದಪ್ಪ ತೆಳುವಿನ ವಿಷಯ. ಒಂದೇ ಅಳತೆಯ ಎರಡು ಸಿಂಬಲ್ ತಗೊಳ್ಳಿ. ತೆಳುವಾದದ್ದರ ಶ್ರುತಿ ಕೆಳಗಿರುತ್ತದೆ. ಬೇಗ ಅರಳುತ್ತದೆ, ಬೇಗ ಆರುತ್ತದೆ. ಸಣ್ಣ ಪೆಟ್ಟಿಗೇ ಇಡೀ ತಟ್ಟೆ ಅಲುಗುವುದರಿಂದ ಕೋಲಿನ ಸದ್ದಿನ ಹಿಂದೆ ಒಂದು ಮೋಡ ಏಳುತ್ತದೆ. ಅದನ್ನೇ ವಾಷ್ ಅನ್ನುವುದು. ದಪ್ಪಗಿದ್ದರೆ ಶ್ರುತಿ ಮೇಲೆ, ಕೋಲಿನ ಟಿಂಗ್ ಸ್ಪಷ್ಟ. ಆದರೆ ಅಂಚಿಗೆ ಹೊಡೆದರೆ ಎಚ್ಚರ ಆಗುವುದಕ್ಕೇ ತುಂಬಾ ಬಲ ಬೇಕು, ಎದ್ದ ಸದ್ದು ಬೇಗ ಇಳಿಯುವುದೂ ಇಲ್ಲ. ನಿಮ್ಮ ಸ್ನೇಹಿತನ ರೈಡ್‌ನಲ್ಲಿ ಆದದ್ದು ಅದೇ.

ಹಾಗಾದರೆ ತೆಳು ಸಿಂಬಲ್‌ನ ಕಷ್ಟ ಏನು? ವಾಷ್ ಕೋಲನ್ನು ನುಂಗುತ್ತದೆ. 16 ಇಂಚಿನಲ್ಲಿ ನಿಮಗೆ ಆಗುತ್ತಿರುವುದು. ಅದಕ್ಕೆ ಮದ್ದು ದಪ್ಪ ಅಲ್ಲ, ಅಗಲ. ಅಗಲವಾದ ತಟ್ಟೆಯಲ್ಲಿ ನುಡಿಸುವ ಜಾಗ ಅಂಚಿನಿಂದ ದೂರ ಇರುತ್ತದೆ, ಅಂಚು ಅಷ್ಟು ಬೇಗ ಕೆರಳುವುದಿಲ್ಲ. ನಾನಾದರೆ 20 ಇಂಚಿಗಿಂತ ಕೆಳಗೆ ಇಳಿಯುವುದಿಲ್ಲ. 18 ಒಳ್ಳೆಯ ಕ್ರ್ಯಾಶ್ ಆಗುತ್ತದೆ, ರೈಡ್ ಆಗಿ ಒಂದು ಹಾಡಿಗೆ ಸಾಕು, ಇಡೀ ಸಂಜೆಗೆ ಅಲ್ಲ.

ಸಿಂಬಲ್ ಮೇಲೆ ಬರೆದಿರುವ ಥಿನ್ (ತೆಳು), ಮೀಡಿಯಂ ಅನ್ನುವ ಮಾತನ್ನು ನಂಬಬೇಡಿ. ಒಬ್ಬೊಬ್ಬ ತಯಾರಕರ ಥಿನ್ ಒಂದೊಂದು ಥರ. ತೂಕ ಕೇಳಿ. 20 ಇಂಚಿನದು ಸುಮಾರು 1600ರಿಂದ 1800 ಗ್ರಾಂ ಇದ್ದರೆ ನಿಮಗೆ ಬೇಕಾದ ತೆಳು. 2200 ದಾಟಿದರೆ ಅದು ರೈಡ್ ಕಡೆಗೆ ವಾಲಿದ್ದು. ತೂಕ ಮಾತ್ರ ನೋಡಿದರೂ ಸಾಲದು. ಬೆಲ್, ಅಂದರೆ ನಡುವಿನ ಉಬ್ಬು ಚಿಕ್ಕದಿದ್ದರೆ ವಾಷ್ ಹಿಡಿತದಲ್ಲಿರುತ್ತದೆ. ದೊಡ್ಡದಿದ್ದರೆ ಸದ್ದು ಉಳಿಯುವುದು ಜಾಸ್ತಿ. ಮೈ ಚಪ್ಪಟೆ ಇದ್ದಷ್ಟೂ ಶ್ರುತಿ ಕೆಳಗೆ, ಗಾಢ. ಕಮಾನು ಎತ್ತರ ಇದ್ದಷ್ಟೂ ಟಿಂಗ್ ಜಾಸ್ತಿ. ಎಲ್ಲಕ್ಕಿಂತ ಮುಖ್ಯ, ನಡುವಿನಿಂದ ಅಂಚಿನವರೆಗೆ ದಪ್ಪ ಹೇಗೆ ಇಳಿದಿದೆ ಅನ್ನುವುದು. ನಡುವೆ ಸ್ವಲ್ಪ ಮೈ ಇದ್ದು ಅಂಚು ತೆಳುವಾಗಿ ಮುಗಿದಿದ್ದರೆ ಅಂಥ ಸಿಂಬಲ್ ಎರಡೂ ಕೆಲಸ ಮಾಡುತ್ತದೆ. ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಬಾಗಿಸಿ ನೋಡಿ, ಗೊತ್ತಾಗುತ್ತದೆ.

ಅಂಗಡಿಯಲ್ಲಿ ಒಂದೇ ಪರೀಕ್ಷೆ ಸಾಕು. ನಿಮ್ಮ ಹಾಡಿನ ವೇಗದಲ್ಲೇ ರೈಡ್ ನುಡಿಸಿ, ಜೋರು ಬೇಡ. ನಡುವೆ ಒಮ್ಮೆ ಅಂಚಿಗೆ ಕ್ರ್ಯಾಶ್ ಕೊಟ್ಟು ನಿಲ್ಲಿಸದೆ ರೈಡ್‌ಗೆ ವಾಪಸ್ ಬನ್ನಿ. ಎಷ್ಟನೇ ಪೆಟ್ಟಿಗೆ ಕೋಲಿನ ಸದ್ದು ಮತ್ತೆ ಕಿವಿಗೆ ಬೀಳುತ್ತದೆ ಎಣಿಸಿ. ಮೂರನೆಯ, ನಾಲ್ಕನೆಯ ಪೆಟ್ಟಿಗೆ ಬಂದರೆ ಕೊಳ್ಳಿ. ಎರಡು ಆವರ್ತ ಕಳೆದರೂ ಮೋಡವೇ ಇದ್ದರೆ ಎಷ್ಟೇ ಚಂದ ಕ್ರ್ಯಾಶ್ ಆದರೂ ಕೆಳಗಿಡಿ.

ಮಂಡ್ಯದವರೇ, ನಿಮಗೆ ಒಂದು ಪ್ರಶ್ನೆ. ಬಿರುಕು ಬಿಟ್ಟ ಸಿಂಬಲ್ ಇನ್ನೂ ಇದ್ದರೆ ನಡುವಿನ ತೂತು ಒಮ್ಮೆ ನೋಡಿ. ದುಂಡಗೇ ಇದೆಯಾ?

ಗಾಯತ್ರಿಪುರಂ ಕ್ವಾಯರ್ · ಮಂಗಳವಾರ, ಮಧ್ಯಾಹ್ನ 1:20

ನಾನು ಭಾನುವಾರ ಆರಾಧನೆಗೆ ನುಡಿಸುತ್ತೇನೆ. ಎತ್ತರದ ಚಾವಣಿ, ಕಲ್ಲಿನ ನೆಲ. ಸದ್ದು ಹೋಗಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಆರು ವರ್ಷದಿಂದ 22 ಇಂಚಿನ ತೆಳು ಸಿಂಬಲ್ ಒಂದರಲ್ಲೇ ಎಲ್ಲ ಮಾಡುತ್ತಿದ್ದೇನೆ. ಹಾಡುವವರು ಯಾವತ್ತೂ ಜೋರಾಯಿತು ಅಂದಿಲ್ಲ, ಆದ್ದರಿಂದ ತೆಳು ಅನ್ನುವ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ.

ಹಳೇ ಬ್ಯಾಂಡ್ ಸರ್ ಹೇಳಿದ ಪರೀಕ್ಷೆಗೆ ಒಂದು ಸೇರಿಸುತ್ತೇನೆ. ನೀವೇ ನುಡಿಸುತ್ತಾ ಕೇಳುವುದು ಅರ್ಧ ಮಾತ್ರ. ನಿಮ್ಮ ಕಿವಿ ಸಿಂಬಲ್‌ನಿಂದ ಎರಡು ಅಡಿ ದೂರ ಇರುತ್ತದೆ. ಅಲ್ಲಿ ವಾಷ್ ತುಂಬಾ ಕೇಳುತ್ತದೆ. ಬೇರೆಯವರ ಕೈಗೆ ಕೋಲು ಕೊಟ್ಟು ಇಪ್ಪತ್ತು ಅಡಿ ಹಿಂದೆ ಹೋಗಿ ನಿಲ್ಲಿ. ನನ್ನ 22 ಇಂಚಿನದು ಹತ್ತಿರದಿಂದ ಭುಸ್ ಅನ್ನುತ್ತದೆ, ಕೊನೆಯ ಬೆಂಚಿನಲ್ಲಿ ಕೂತರೆ ಒಂದೊಂದು ಪೆಟ್ಟೂ ಕೇಳುತ್ತದೆ. ಹಗುರ ಸಿಂಬಲ್‌ಗಳನ್ನು ಹತ್ತಿರದಿಂದ ಕೇಳಿ ಬೇಡ ಅಂದುಕೊಳ್ಳುವವರೇ ಜಾಸ್ತಿ.

ಕೋಲೂ ಮುಖ್ಯ. ನಾನು 5ಎ ಕೋಲು ಬಿಟ್ಟು ಅದಕ್ಕಿಂತ ಹಗುರವಾದ 7ಎ ಹಿಡಿದ ದಿನ ಸಿಂಬಲ್ ಬದಲಾಯಿಸಿದ ಹಾಗಾಯಿತು. ಚಿಕ್ಕ ತುದಿ, ಹಗುರ ಕೋಲು ತೆಳು ತಟ್ಟೆಯನ್ನು ಅಷ್ಟು ಕೆರಳಿಸುವುದಿಲ್ಲ. ನೈಲಾನ್ ತುದಿಯಾದರೆ ಟಿಕ್ ಇನ್ನೂ ಸ್ಪಷ್ಟ, ಆದರೆ ಸ್ವಲ್ಪ ಚೂಪು. ನನಗೆ ಮರದ ತುದಿಯೇ ಇಷ್ಟ. ಅಷ್ಟಾದರೂ ವಾಷ್ ಜಾಸ್ತಿ ಅನ್ನಿಸಿದರೆ ಕೆಳಮೈಗೆ ಎರಡು ಇಂಚು ಬಟ್ಟೆ ಟೇಪ್ ಅಂಟಿಸಿ. ಬೇಡವಾದಾಗ ಕಿತ್ತರೆ ಆಯಿತು. ಹೆಚ್ಚು ವಾಷ್ ಇರುವುದನ್ನು ಟೇಪ್ ಹಾಕಿ ತಗ್ಗಿಸಬಹುದು. ದಪ್ಪ ಸಿಂಬಲ್ ಅರಳುವಂತೆ ಮಾಡಲು ಯಾವ ಟೇಪೂ ಇಲ್ಲ.

ಮಂಡ್ಯ ಆರ್ಕೆಸ್ಟ್ರಾ · ಮಂಗಳವಾರ, ರಾತ್ರಿ 10:30

ಸರ್, ಅಟ್ಟದಿಂದ ಇಳಿಸಿ ನೋಡಿದೆ. ತೂತು ದುಂಡಗಿಲ್ಲ. ಒಂದು ಕಡೆ ಕೀಲಿಕೈ ತೂತಿನ ಥರ ಕೆಳಕ್ಕೆ ಸವೆದಿದೆ. ಸ್ಟ್ಯಾಂಡ್ ಕೂಡ ನೋಡಿದೆ. ಪ್ಲಾಸ್ಟಿಕ್ ಕೊಳವೆ ಯಾವಾಗಲೋ ಕಳೆದುಹೋಗಿದೆ, ಸಿಂಬಲ್ ನೇರ ಕಬ್ಬಿಣದ ಮೇಲೆ ಕೂತಿತ್ತು. ಅಲುಗಾಡದಿರಲಿ ಅಂತ ಮೇಲಿನ ನಟ್ ಕೂಡ ಬಿಗಿ ಮಾಡುತ್ತಿದ್ದೆ.

ಹಳೇ ಬ್ಯಾಂಡ್ · ಬುಧವಾರ, ಬೆಳಿಗ್ಗೆ 6:45

ಅಂದಾಜು ಮಾಡಿದ್ದೆ. ಸಿಂಬಲ್ ಪೆಟ್ಟು ತಿಂದಾಗ ತೂಗಬೇಕು. ಬಿಗಿ ಹಿಡಿದರೆ ಆ ಬಲ ಎಲ್ಲಿಗೂ ಹೋಗಲಾಗದೆ ಅಂಚಿನಲ್ಲೇ ಕೂರುತ್ತದೆ, ಅಲ್ಲೇ ಬಿರುಕು. ಕೊಳವೆ ಇಲ್ಲದಿದ್ದರೆ ಕಬ್ಬಿಣ ಕಂಚನ್ನು ತಿನ್ನುತ್ತದೆ. ಮೇಲೆ ಕೆಳಗೆ ಫೆಲ್ಟ್ ವಾಷರ್ ಇರಲಿ, ನಟ್ ಸಿಂಬಲ್ ಆರಾಮಾಗಿ ತೂಗುವಷ್ಟು ಸಡಿಲ ಇರಲಿ. ತಟ್ಟೆಯನ್ನು ನಿಮ್ಮ ಕಡೆಗೆ ಸ್ವಲ್ಪ ವಾಲಿಸಿ. ಅಂಚು ಕತ್ತಿಯ ಹಾಗೆ ಎದುರು ನಿಂತಿದ್ದರೆ ಪ್ರತಿ ಕ್ರ್ಯಾಶೂ ಕೊಡಲಿ ಪೆಟ್ಟೇ. ಹೊಡೆದು ಒತ್ತಬಾರದು. ಪಕ್ಕಕ್ಕೆ ಸವರಿಕೊಂಡು ಹೋಗಬೇಕು, ತಮಟೆಯವರ ಸಣ್ಣ ಕಡ್ಡಿ ಚರ್ಮಕ್ಕೆ ತಾಗಿ ಜಾರುತ್ತದಲ್ಲ, ಹಾಗೆ.

ನಿಮ್ಮ ಸ್ಟೇಜಿಗೆ ಮೀಡಿಯಂ ಸರಿ ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೀಡಿಯಂ ಆದರೂ ಈ ಸ್ಟ್ಯಾಂಡ್ ಮೇಲೆ ಉಳಿಯುವುದಿಲ್ಲ.

ಒಂಟಿಕೊಪ್ಪಲು ಕಂಚು · ಬುಧವಾರ, ಸಂಜೆ 7:15

ನಾನು ಡ್ರಮ್ಸ್ ನುಡಿಸುವವನಲ್ಲ, ಭಜನೆಗೆ ತಾಳ ಹಾಕುವವನು. ಲೋಹದ ಕೆಲಸ ಸ್ವಲ್ಪ ಗೊತ್ತು. ಅದರ ಬಗ್ಗೆ ಎರಡು ಮಾತು.

ಒಳ್ಳೆಯ ಸಿಂಬಲ್‌ಗಳಿಗೆ ಬಿ20 ಅನ್ನುತ್ತಾರಲ್ಲ, ಅದು ನೂರಕ್ಕೆ 80 ತಾಮ್ರ, 20 ತವರ. ನಮ್ಮ ಗಂಟೆ, ತಾಳ, ಜಾಗಟೆಯ ಕಂಚಿನ ಕುಲವೇ. ಬಿ8 ಅಂದರೆ 92 ತಾಮ್ರ, 8 ತವರ. ನಿಮ್ಮ 16 ಇಂಚಿನದು ಹಿತ್ತಾಳೆ, ತಾಮ್ರಕ್ಕೆ ಸತು ಬೆರೆಸಿದ್ದು. ಅದು ಬಾಳಿಕೆ ಬರುತ್ತದೆ, ಆದರೆ ನಾದ ಕಡಿಮೆ. ತವರ ಜಾಸ್ತಿ ಆದಷ್ಟೂ ನಾದ ಜಾಸ್ತಿ, ಜೊತೆಗೆ ಒಡೆಯುವ ಗುಣವೂ ಜಾಸ್ತಿ. ಅಜ್ಜಿಯ ಕಂಚಿನ ಲೋಟ ಕಲ್ಲಿನ ಮೇಲೆ ಬಿದ್ದರೆ ನೆಗ್ಗುವುದಿಲ್ಲ, ಸೀಳುತ್ತದೆ. ಹಿತ್ತಾಳೆ ಚೊಂಬು ನೆಗ್ಗುತ್ತದೆ. ಅದೇ ವ್ಯತ್ಯಾಸ.

ಒಂದು ಸ್ವಾರಸ್ಯ ಹೇಳುತ್ತೇನೆ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗಿ ಪೆಡಸಾಗುತ್ತದೆ. ಈ ಕಂಚು ಅದಕ್ಕೆ ಉಲ್ಟಾ. ಕಾಯಿಸಿ ನೀರಿಗೆ ಅದ್ದಿದರೆ ಬಡಿಯುವಷ್ಟು ಮೆದುವಾಗುತ್ತದೆ. ತಾನಾಗಿ ಆರಲು ಬಿಟ್ಟರೆ ಗಾಜಿನಂತೆ ಒಡೆಯುತ್ತದೆ. ಕಾಯಿಸಿ ತಟ್ಟೆ ಎಳೆಯುವುದು, ಅದ್ದುವುದು, ಸುತ್ತಿಗೆಯಲ್ಲಿ ಬಡಿಯುವುದು, ಹೆರೆಯುವುದು, ಇಷ್ಟು ದಾಟಿ ಬರುತ್ತದೆ ಒಂದು ಸಿಂಬಲ್. ಮೈಮೇಲೆ ಕಾಣುವ ಗುಳಿಗಳು ಸುತ್ತಿಗೆ ಪೆಟ್ಟು, ಸುರುಳಿ ಗೆರೆಗಳು ಹೆರೆದ ಗುರುತು. ಕೈಯಲ್ಲಿ ಬಡಿದ ಗುಳಿಗಳು ಒಂದರಂತೆ ಒಂದಿರುವುದಿಲ್ಲ. ಆದ್ದರಿಂದ ಒಂದೇ ಹೆಸರಿನ ಎರಡು ಸಿಂಬಲ್ ಕೂಡ ಒಂದೇ ಥರ ನುಡಿಯುವುದಿಲ್ಲ.

ಈ ವಿದ್ಯೆ ದೊಡ್ಡದಾಗಿ ಬೆಳೆದದ್ದು ಇಸ್ತಾಂಬುಲ್‌ನಲ್ಲಿ. ಝಿಲ್ಜಿಯನ್ ಮನೆತನ 1623ರಿಂದ ಲೆಕ್ಕ ಹಿಡಿಯುತ್ತದೆ. ಆ ಹೆಸರಿನ ಅರ್ಥವೇ ಸಿಂಬಲ್ ಮಾಡುವವರ ಮನೆ ಅಂತ. ಅದೇ ಮನೆಯ ರಾಬರ್ಟ್ 1981ರಲ್ಲಿ ಕೆನಡಾದಲ್ಲಿ ಸೇಬಿಯನ್ ಕಂಪನಿ ಶುರುಮಾಡಿದರು. ಜರ್ಮನಿಯ ಮೈನ್ಲ್ ಕೂಡ ತನ್ನ ಬೈಜಾನ್ಸ್ ಸಾಲನ್ನು ಟರ್ಕಿಯಲ್ಲೇ ಮಾಡಿಸುತ್ತದೆ. ಬಿ8 ಅಂದ ತಕ್ಷಣ ಕಳಪೆ ಅಂದುಕೊಳ್ಳಬೇಡಿ. ಪೈಸ್ಟೆ ಕಂಪನಿಯ ‘2002’ ಅನ್ನುವ ಹೆಸರಿನ ಸಾಲು ಬಿ8ದ್ದೇ. ಹೊಳಪಿನ ಸದ್ದು ಬೇಕಾದವರಿಗೆ ಅದು ಬಲು ಇಷ್ಟ. ಆದರೆ ಭಾವಗೀತೆ ಜೊತೆಗೆ ಅಂದರೆ ನಾನು ಬಿ20 ಕಡೆಗೇ ಕೈ ತೋರಿಸುತ್ತೇನೆ.

ಕೊನೆಯದಾಗಿ, ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಪಾತ್ರೆ ಬೆಳಗಿದ ಹಾಗೆ ಫಳಫಳ ಆಗುತ್ತದೆ ನಿಜ, ಆದರೆ ವರ್ಷಗಟ್ಟಲೆ ಕೂತ ಮೈಬಣ್ಣ ಹೋಗುತ್ತದೆ. ಅದಿದ್ದರೆ ಸದ್ದು ಒಂದು ಎಳೆ ಮೆತ್ತಗಿರುತ್ತದೆ. ನುಡಿಸಿದ ಮೇಲೆ ಬೆವರು, ಬೆರಳ ಗುರುತು ಒಣಬಟ್ಟೆಯಲ್ಲಿ ಒರೆಸಿ, ಸಾಕು.

ಕುವೆಂಪುನಗರ ಬ್ರಷ್ · ಬುಧವಾರ, ರಾತ್ರಿ 9:00

ಇಷ್ಟು ಬರೆದಿದ್ದೀರಿ, ಎಲ್ಲರಿಗೂ ಮನಸಾರೆ ಧನ್ಯವಾದ. 22 ಇಂಚು ನಮ್ಮ ಜಾಗಕ್ಕೆ ದೊಡ್ಡದಾಗುತ್ತದೆ ಅಕ್ಕಾ, ಕೆಫೆಯಲ್ಲಿ ಸ್ಟ್ಯಾಂಡ್ ಇಟ್ಟರೆ ಬೇಸ್‌ನವನ ಮೊಣಕೈಗೆ ತಾಗುತ್ತದೆ. 20ಕ್ಕೇ ನಿಲ್ಲುತ್ತೇನೆ. ಶನಿವಾರ ಬೆಂಗಳೂರಿಗೆ ಹೋಗುತ್ತಿದ್ದೇನೆ. ನನ್ನ ಹೈಹ್ಯಾಟ್, ಕೋಲು ಎರಡೂ ತಗೊಂಡು ಹೋಗಲಾ?

ಗಾಯತ್ರಿಪುರಂ ಕ್ವಾಯರ್ · ಬುಧವಾರ, ರಾತ್ರಿ 9:25

ಖಂಡಿತ. ಹೈಹ್ಯಾಟ್ ಪಕ್ಕದಲ್ಲಿ ಇಟ್ಟು ನುಡಿಸದೆ ಯಾವುದನ್ನೂ ಕೊಳ್ಳಬೇಡಿ. ಎರಡೂ ಒಂದೇ ಮನೆಯವರ ಹಾಗೆ ಕೇಳಬೇಕು.

ಕುವೆಂಪುನಗರ ಬ್ರಷ್ · ಭಾನುವಾರ, ಸಂಜೆ 5:30

ತಗೊಂಡೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ಮುಂದೆ ಯಾರಾದರೂ ಇದೇ ಪ್ರಶ್ನೆ ಹಿಡಿದು ಬಂದರೆ ಉಪಯೋಗ ಆಗಲಿ.

ಬೆಳಗಿನ ರೈಲಿಗೆ ಬೇಸ್‌ನವನನ್ನೂ ಕರೆದುಕೊಂಡು ಹೋದೆ. ಮೊದಲು ಅಂಗಡಿಯಲ್ಲಿ 20 ಇಂಚಿನ ಮೂರು ನುಡಿಸಿದೆ. ಒಂದು ನೋಡಲು ತುಂಬಾ ಚಂದ, ಕ್ರ್ಯಾಶ್ ಅಂತೂ ಮೈ ಜುಮ್ಮೆನ್ನುವ ಹಾಗಿತ್ತು. ಅಲ್ಲೇ ಮನಸ್ಸು ಸೋತಿತ್ತು. ಆಮೇಲೆ ಸರ್ ಹೇಳಿದ ಹಾಗೆ ಎಣಿಸಿದೆ. ಕ್ರ್ಯಾಶ್ ಆದ ಮೇಲೆ ಎಂಟು, ಒಂಬತ್ತು, ಹತ್ತು, ಕೋಲು ಕೇಳಲೇ ಇಲ್ಲ. ಕೆಳಗಿಟ್ಟೆ. ಎರಡನೆಯದು 2 ಕೆಜಿ 300 ಗ್ರಾಂ. ಸ್ನೇಹಿತನ ರೈಡ್ ಕಥೆಯೇ. ಮೂರನೆಯದು ಎಲ್ಲ ಸರಿ ಇತ್ತು, ಬೆಲೆ ನನ್ನ ಕೈ ಮೀರಿತ್ತು.

ಮಧ್ಯಾಹ್ನ ಸೆಕೆಂಡ್ ಹ್ಯಾಂಡ್ ಮಾರುವವರ ಮನೆಗೆ ಹೋದೆವು. ಬೈಜಾನ್ಸ್ ಸಾಲಿನ 20 ಇಂಚಿನ ತೆಳು ಸಿಂಬಲ್, ನಾಲ್ಕು ವರ್ಷದ್ದು. ಮೊದಲು ತೂತು ನೋಡಿದೆ, ದುಂಡಗಿತ್ತು. ಅಂಚಿನ ಸುತ್ತ ಉಗುರು ಎಳೆದೆ, ಎಲ್ಲೂ ಸಿಕ್ಕಲಿಲ್ಲ. ಬೆರಳಿಗೆ ತೂಗುಹಾಕಿ ಗೆಣ್ಣಿನಿಂದ ತಟ್ಟಿದೆ. ಗುಂಯ್ ಅಂತ ಎಲ್ಲೂ ಮುರಿಯದೆ ನಿಧಾನ ಇಳಿಯಿತು. ಆಮೇಲೆ ಕೂತು ನುಡಿಸಿದೆ. ಕ್ರ್ಯಾಶ್ ಕೊಟ್ಟು ವಾಪಸ್ ಬಂದೆ. ಒಂದು, ಎರಡು ಮೋಡದಲ್ಲೇ. ಮೂರನೆಯದು ಅರ್ಧ. ನಾಲ್ಕನೆಯ ಪೆಟ್ಟು ಟಿಕ್ ಅಂತ ಹೊರಗೆ ಬಂತು. ಬೇಸ್‌ನವನನ್ನು ಕೂರಿಸಿ ನಾನು ಬಾಗಿಲ ಹೊರಗೆ, ಮೆಟ್ಟಿಲ ಹತ್ತಿರ ಹೋಗಿ ನಿಂತೆ. ಅವನಿಗೆ ಡ್ರಮ್ಸ್ ಬರುವುದಿಲ್ಲ, ಆದರೂ ಒಂದೊಂದು ಪೆಟ್ಟೂ ಬಿಡಿ ಬಿಡಿಯಾಗಿ ಕೇಳುತ್ತಿತ್ತು. 24 ಸಾವಿರಕ್ಕೆ ಒಪ್ಪಿದರು.

ಮನೆಗೆ ಬಂದು ಅಡುಗೆಮನೆ ತೂಕದಲ್ಲಿ ಇಟ್ಟೆ. 1,710 ಗ್ರಾಂ. ರಾತ್ರಿ ಹಾಡುವವಳು ಬಂದಳು. ಒಂದು ಹಾಡು ಪೂರ್ತಿ 7ಎ ಕೋಲಿನಲ್ಲಿ, ಪಲ್ಲವಿಗೆ ಬಂದಾಗಲೆಲ್ಲ ಮೆತ್ತಗೆ ಒಂದು ಕ್ರ್ಯಾಶ್. ಮೈಕ್ ಇರಲಿಲ್ಲ. ಅವಳು ದನಿ ಏರಿಸಲೇ ಇಲ್ಲ, ಏರಿಸಬೇಕಾಗಲೂ ಇಲ್ಲ.

ಒಂದೇ ಕೊರತೆ. ವೇಗದ ಹಾಡಿನಲ್ಲಿ, ಬೇಸ್ ಜೋರಿದ್ದಾಗ, ವಾಷ್ ಇನ್ನೂ ಸ್ವಲ್ಪ ಮೇಲೇರುತ್ತದೆ. ಟೇಪ್ ಎಲ್ಲಿ ಅಂಟಿಸಲಿ, ಅಂಚಿಗಾ, ನಡುವೆಯಾ?

ಗಾಯತ್ರಿಪುರಂ ಕ್ವಾಯರ್ · ಭಾನುವಾರ, ರಾತ್ರಿ 8:10

ತುಂಬಾ ಸಂತೋಷ ಆಯಿತು! ಬೆಲ್‌ಗೂ ಅಂಚಿಗೂ ನಡುವೆ ಶುರುಮಾಡಿ, ಒಂದೇ ಇಂಚು. ಸಾಲದಿದ್ದರೆ ಅಂಚಿನ ಕಡೆಗೆ ಸರಿಸುತ್ತಾ ಹೋಗಿ. ಅಂಚಿಗೆ ಹೋದಷ್ಟೂ ಜಾಸ್ತಿ ತಡೆಯುತ್ತದೆ, ಕ್ರ್ಯಾಶ್ ಕೂಡ ಸಾಯುತ್ತದೆ. ಎಲ್ಲಿ ನಿಲ್ಲಿಸಬೇಕು ಅಂತ ನಿಮ್ಮ ಕಿವಿಯೇ ಹೇಳುತ್ತದೆ.

ಮಂಡ್ಯ ಆರ್ಕೆಸ್ಟ್ರಾ · ಭಾನುವಾರ, ರಾತ್ರಿ 10:50

ಒಳ್ಳೇದಾಯಿತು ತಮ್ಮಾ. ನಾನೂ ಇವತ್ತು ಎಲ್ಲ ಸ್ಟ್ಯಾಂಡ್‌ಗೂ ಹೊಸ ಕೊಳವೆ, ಫೆಲ್ಟ್ ಹಾಕಿದೆ. ನಟ್ ಸಡಿಲ ಬಿಟ್ಟು ನುಡಿಸಿದರೆ ನನ್ನ ಹಳೇ ಮೀಡಿಯಂ ಕ್ರ್ಯಾಶೇ ಮೊದಲಿಗಿಂತ ಚೆನ್ನಾಗಿ ಬಿಚ್ಚಿಕೊಳ್ಳುತ್ತಿದೆ. ಮುಂದಿನ ವಾರ ಮೈಸೂರಿಗೆ ಬರುವುದಿದೆ. ಆ 20 ಇಂಚಿನದನ್ನು ಹತ್ತು ನಿಮಿಷ ನುಡಿಸಲು ಕೊಡ್ತೀಯಾ?

ಕುವೆಂಪುನಗರ ಬ್ರಷ್ · ಭಾನುವಾರ, ರಾತ್ರಿ 11:00

ಹತ್ತು ನಿಮಿಷ ಯಾಕಣ್ಣ, ಊಟಕ್ಕೇ ಬನ್ನಿ. ಬರುವಾಗ ಆ ಬಿರುಕು ಬಿಟ್ಟ 18 ಇಂಚಿನದನ್ನೂ ತನ್ನಿ, ನೋಡಬೇಕು ನಾನು.